ನಾಲ್ಕನೆಯ ಉಸಿರು

ಕರೆಯದಿದ್ದರೂ ಬಂದು ಪ್ರತಿ ಉಸಿರಿನೊಳಗೆ ಕುಳಿತಿರುವ ಅಂತರ್ಯಾಮಿಯೇ, ನಿನಗೆ ನಮಸ್ಕಾರ. ನಮ್ಮ ಅಳತೆಗೆ ಸಿಕ್ಕುವುದು ಗಾಳಿ ಮಾತ್ರ, ನೀನಲ್ಲ. ಈ ಕಥೆ ಮುಗಿಯುವವರೆಗೆ ನನ್ನ ನಾಲಗೆಯನ್ನು ಕಾಯಿ.

ಆಕೆ ವೈದ್ಯವಿಜ್ಞಾನದ ಸಂಶೋಧಕಿ. ಮುಟ್ಟು ನಿಂತ ಮೇಲೆ ಹೆಂಗಸರ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ. ಅದರ ಬೆನ್ನಿಗೇ ಶ್ವಾಸಕೋಶದ ಕಸುವೂ ಇಳಿಯುವುದನ್ನು ಆಕೆ ಮುದಿ ಇಲಿಗಳಲ್ಲಿ ಕಂಡಿದ್ದಳು. ಹಾರ್ಮೋನನ್ನು ಮರಳಿಸಿದಾಗ ಅವುಗಳ ಎದೆಯ ಗಾಳಿಗೂಡುಗಳು ಕುಸಿಯದೆ ನಿಂತದ್ದನ್ನೂ ಕಂಡಿದ್ದಳು. ಈಗ ನಲವತ್ತು ಹೆಂಗಸರ ಮೇಲೆ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ನಿಜದ ಮುಲಾಮು, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮುಲಾಮು. ಯಾರಿಗೆ ಯಾವುದೆಂಬುದು ಆಕೆಗೂ ತಿಳಿಯದಂತೆ ಲಕೋಟೆಯೊಳಗೆ ಮುಚ್ಚಿತ್ತು. ಸಂಶೋಧಕರ ಬಂಧುಗಳು ಸೇರಕೂಡದು. ಯಾರ ಉಸಿರಾದರೂ ಮೊದಲಿಗಿಂತ ಐದನೆಯ ಒಂದು ಪಾಲು ಕುಗ್ಗಿದರೆ ಅವರನ್ನು ಕೂಡಲೇ ಬಿಡಿಸಿ ಚಿಕಿತ್ಸೆಗೆ ಒಪ್ಪಿಸಬೇಕು. ಇವು ನಿಯಮಗಳು.

ಬಂಧುಗಳ ನಿಯಮವನ್ನು ಮುರಿಸಿದವಳು ಆಕೆಯ ಅಕ್ಕ. "ಊರವರಿಗೆಲ್ಲ ಹಚ್ತೀಯ, ಒಡಹುಟ್ಟಿದವಳಿಗೆ ಮಾತ್ರ ಇಲ್ಲ. ಇಲಿಯಾಗಿ ಹುಟ್ಟಿದ್ರೂ ಚೆನ್ನಾಗಿತ್ತು ನೋಡು!" ಎಂದು ಮೂದಲಿಸಿ, ಗಂಡನ ಮನೆತನದ ಹೆಸರಿನಲ್ಲಿ ಅರ್ಜಿ ತುಂಬಿದಳು. ತಂಗಿ ಕಂಡೂ ಕಾಣದಂತೆ ಸಹಿ ಮಾಡಿದಳು. ಅಂದಿನಿಂದ ಪ್ರತಿ ಪರೀಕ್ಷೆಗೂ ಅಕ್ಕನೆದುರು ನಿಂತು ಹುರಿದುಂಬಿಸುವವಳು ತಾನೇ. ಊದುವ ಪರೀಕ್ಷೆಯ ಮರ್ಮವೇ ಅಷ್ಟು: ಎದುರಿಗೆ ನಿಂತವರು ಕೂಗಿದಷ್ಟು ಎದೆಯೊಳಗಿನ ಗಾಳಿ ಹೊರಬೀಳುತ್ತದೆ. ಒಂದೂವರೆ ವರ್ಷದಿಂದ ಅಕ್ಕನ ಅಳತೆ ಹೆಚ್ಚೂಕಡಿಮೆ ಮೊದಲಿನ ಎರಡು ಲೀಟರಿನಲ್ಲೇ ನಿಂತಿತ್ತು. ಮೆಟ್ಟಿಲಿನಲ್ಲಿ ಮಾತ್ರ ಅಕ್ಕ ಮೂರು ಕಡೆ ನಿಲ್ಲುತ್ತಿದ್ದಳು.

ಒಂದು ಪರೀಕ್ಷೆಯ ದಿನ ತಂಗಿಗೆ ನೆಗಡಿಯಿಂದ ಗಂಟಲು ಕಟ್ಟಿತ್ತು. ಉಪಕರಣ ನಡೆಸುವವನೇ ಮುಂದೆ ನಿಂತ. ಅವನ ದನಿ ಅವನ ಅಂಗಿಯ ಗುಂಡಿಗೂ ಕೇಳಿಸದು. ಆದಕಾರಣ ಎಲ್ಲರೂ ಅವನನ್ನು 'ಗುಡುಗು' ಎನ್ನುತ್ತಿದ್ದರು. ಅಕ್ಕ ಗಾಜಿನ ಗೂಡಿನಲ್ಲಿ ಕುಳಿತು ಮೂಗಿಗೆ ಕ್ಲಿಪ್ಪು ಹಾಕಿ, ಊದುವ ಕೊಳವೆಗೆ ಬಾಯಿಟ್ಟಳು.

"ಊದಿ ಅಮ್ಮಾ, ಇನ್ನೂ ಊದಿ, ಬಿಡ್ಬೇಡಿ," ಎಂದ ಗುಡುಗು.

ಒಂದೂವರೆ ಲೀಟರು. ಮತ್ತೆ ಒಂದೂವರೆ. ಮೂರನೆಯ ಸಲ ಅದಕ್ಕೂ ಕಡಿಮೆ.

"ಮೇಡಂ, ಇವ್ರನ್ನ ಬಿಡಿಸ್ಬೇಕಾಗುತ್ತೆ," ಎಂದ ಅವನು.

ತಂಗಿ ಅವನನ್ನು ಸರಿಸಿ ಗಾಜಿಗೆ ಅಂಗೈ ಒತ್ತಿ ನಿಂತಳು. ಒಡೆದ ಗಂಟಲಲ್ಲೇ ಕೂಗಿದಳು. ಅಕ್ಕ ಆ ಮುಖವನ್ನೇ ನೋಡುತ್ತ, ಕತ್ತಿನ ನರಗಳು ಹಗ್ಗದಂತೆ ಉಬ್ಬುವವರೆಗೆ ಊದಿದಳು. ಒಂದು ಪಾಯಿಂಟ್ ತೊಂಬತ್ತು ಲೀಟರು. ಬಳಿಕ ಗೋಡೆಗೆ ಒರಗಿದಳು, ತುಟಿ ನೇರಳೆಗಟ್ಟಿತ್ತು.

"ನೀರು ತರ್ತೀನಿ," ಎಂದು ಗುಡುಗು ಓಡಿದ.

ತಂಗಿ ಗೂಡಿನ ಬಾಗಿಲು ತೆರೆದಳು. "ಎಷ್ಟು ದಿನದಿಂದ ಹೀಗಿದೆ?"

"ಚಳಿ ಬಿದ್ದಾಗಿನಿಂದ," ಎಂದಳು ಅಕ್ಕ, ಮಾತಿಗೊಂದು ಉಸಿರು ಎಳೆಯುತ್ತ.

"ಹೇಳ್ಬಾರದಿತ್ತಾ?"

"ಹೇಳಿದ್ರೆ ನನ್ನನ್ನ ಹೊರಗೆ ಹಾಕ್ತಿದ್ರು, ನಿನ್ನ ಲೆಕ್ಕ ಕೆಡ್ತಿತ್ತು. ನೀನು ನನ್ನ ಮುಂದೆ ನಿಂತು ಹಂಗೆ ಬೇಡಿಕೊಳ್ತಿದ್ರೆ ಊದದೇ ಇರೋಕ್ಕಾಗುತ್ತೇನೇ? ನೀನು ಮೊದಲಿಂದ್ಲೂ ಹಟಮಾರಿ."

ತಂಗಿಗೆ ಈಗ ಹೊಳೆಯಿತು. ಅಕ್ಕನ ಎದೆಯಿಂದ ತಾನು ಹಿಂಡಿ ತೆಗೆದದ್ದು ಆರೋಗ್ಯವಲ್ಲ, ವಾತ್ಸಲ್ಯ. ಅದನ್ನೇ ಇಷ್ಟು ದಿನ ಮುಲಾಮಿನ ಗುಣವಿರಬೇಕೆಂದು ನಂಬಿ ಬರೆದಿದ್ದಳು.

ಇಕ್ಕಟ್ಟು ಇನ್ನೂ ಬಿಗಿಯಾಗಿತ್ತು. ಊದಿದವುಗಳಲ್ಲಿ ಉತ್ತಮವಾದುದನ್ನೇ ದಾಖಲಿಸಬೇಕೆಂಬುದು ಪದ್ಧತಿ. ಶಾಸ್ತ್ರದ ಪ್ರಕಾರ ಒಂದು ತೊಂಬತ್ತೇ ನಿಜ. ಅದನ್ನು ಬರೆದರೆ ಯಾರೂ ಕೇಳರು, ಅಕ್ಕ ಒಳಗೇ ಉಳಿಯುವಳು. ಒಂದೂವರೆ ಎಂದು ಬರೆದರೆ ಏಕೆಂದು ಹೇಳಬೇಕು. ಹೇಳಿದರೆ ಅಕ್ಕನ ಅರ್ಜಿಗೆ ಹಾಕಿದ ಸಹಿ ಹೊರಬೀಳುವುದು, ನಲವತ್ತು ಜನರ ಪರೀಕ್ಷೆ ಶಂಕೆಗೆ ಗುರಿಯಾಗುವುದು. ಅತ್ತ ದರಿ, ಇತ್ತ ಪುಲಿ; ಪುಲಿಯನ್ನು ಸಾಕಿದವಳೂ ತಾನೇ.

ಗುಡುಗು ನೀರಿನ ಲೋಟ ಹಿಡಿದು ಬಂದ. "ಒಂದು ತೊಂಬತ್ತು ಹಾಕ್ಲಾ ಮೇಡಂ? ನಾಲ್ಕನೇದೇ ಜಾಸ್ತಿ."

"ನಾಲ್ಕನ್ನೂ ಹಾಕು. ಕೊನೇದಕ್ಕೆ ಗೀಟೆಳಿ."

"ಕಾರಣ?"

"ಇವಳು ನನ್ನ ಅಕ್ಕ ಅಂತ ಬರಿ."

ಅವನ ಬೆರಳು ಕೀಲಿಮಣೆಯ ಮೇಲೆ ನಿಂತುಹೋಯಿತು. "ಬರೆದ್ಮೇಲೆ ಅಳಿಸೋಕ್ಕಾಗಲ್ಲ, ಮೇಡಂ."

"ಗೊತ್ತು, ಬರಿಯಪ್ಪ."

"ಲೇ, ಹುಚ್ಚೀ!" ಎಂದು ಅಕ್ಕ ಏಳಹೋದಳು. ಏಳಲು ಬೇಕಾದಷ್ಟು ಉಸಿರಿರಲಿಲ್ಲ.

ಆ ವಾರವೇ ಅಕ್ಕನ ಚಿಕಿತ್ಸೆ ತೊಡಗಿತು. ಅವಳ ಲಕೋಟೆ ತೆರೆದಾಗ ಹುಸಿ ಮುಲಾಮೆಂದು ತಿಳಿಯಿತು. ವಿಚಾರಣೆ ಮುಗಿಯುವ ತನಕ ತಂಗಿ ಪ್ರಯೋಗಾಲಯಕ್ಕೆ ಕಾಲಿಡುವಂತಿಲ್ಲ, ಊರು ಬಿಡುವಂತೆಯೂ ಇಲ್ಲ. ಆಕೆ ಬೆಳಿಗ್ಗೆ ಅಕ್ಕನ ಹಾಸಿಗೆಯ ಬಳಿ ಕೂರುತ್ತಾಳೆ. ಅಕ್ಕ ಊದುವ ಹೊತ್ತಿಗೆ ನರ್ಸು ತಂಗಿಯನ್ನು ಹೊರಗೆ ಕಳುಹಿಸುತ್ತಾಳೆ. ಎಷ್ಟು ಬಂತೆಂದು ಯಾರೂ ಹೇಳುವುದಿಲ್ಲ. ಕೇಳುವ ಹಕ್ಕನ್ನು ಆಕೆ ಕಳೆದುಕೊಂಡಿದ್ದಾಳೆ.

ಈ ಕಥೆ ಕೇಳಿದವರ ಎದೆ ಹಗುರಾಗಿರಲಿ. ನಿಮ್ಮನ್ನು ಪ್ರೀತಿಸುವವರಿಗೆ ನಿಮ್ಮ ನೋವನ್ನು ಕಾಣುವ ಕಣ್ಣನ್ನೂ ದೇವರು ಕೊಡಲಿ. ಸರ್ವರಿಗೂ ಆಯುಸ್ಸು, ಆರೋಗ್ಯ, ಸತ್ಯ ನುಡಿಯುವ ಧೈರ್ಯ ದೊರೆಯಲಿ.