ಫ್ಯಾನ್ ಮಿಸ್

ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು ಫ್ಯಾನ್ ಮಿಸ್. ಅದಕ್ಕೆ ಕಾರಣ ಅವಳ ಲ್ಯಾಪ್‌ಟಾಪು. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವ ಅವಳು "ನಮಸ್ತೆ ಮಕ್ಕಳೇ" ಅನ್ನುವಷ್ಟರಲ್ಲಿ ಪರದೆ ಮೆಲ್ಲಗೆ ಹಿಂದಕ್ಕೆ ಒರಗಿಬಿಡುತ್ತಿತ್ತು. ಆಮೇಲೆ ಮಕ್ಕಳಿಗೆ ಚಾವಣಿಯ ಫ್ಯಾನಿನದೇ ದರ್ಶನ. ಬೆನ್ನಿಗೆ ದಪ್ಪ ನಿಘಂಟು ಆನಿಸಿದರೆ ಅದನ್ನೂ ತಳ್ಳಿಕೊಂಡು ಹೋಗುವಷ್ಟು ಮೊಂಡು ಪರದೆ ಅದು.

ಆ ಲ್ಯಾಪ್‌ಟಾಪ್ ಅತ್ತೆಯ ಆಯ್ಕೆ. ವರ್ಷಗಟ್ಟಲೆ ಟೈಲರಿಂಗ್ ಅಂಗಡಿ ನಡೆಸಿ, ಹೊಲಿಗೆ ಯಂತ್ರಗಳನ್ನು ತಾವೇ ರಿಪೇರಿ ಮಾಡಿಕೊಂಡವರು. ಈಗಲೂ ತುರುಬಿನಲ್ಲೊಂದು ಸ್ಕ್ರೂಡ್ರೈವರ್ ಇರಲೇಬೇಕು. "ಬಿಚ್ಚೋಕೆ ಬರೋದನ್ನೇ ತಗೊಳ್ಳೇ. ಕೆಟ್ರೆ ನಾನಿದ್ದೀನಿ" ಎಂದಿದ್ದರು. ಬ್ಯಾಟರಿ, ಕೀಬೋರ್ಡು ಎಲ್ಲವನ್ನೂ ಮನೆಯಲ್ಲೇ ಬದಲಿಸಬಹುದು, ನಿಜ. ಆದರೆ ಸ್ಪೀಕರಿನದು ತಗಡಿನ ಡಬ್ಬದ ದನಿ, ಪರದೆ ಹಿಡಿದಿಡುವ ಕೀಲಿನ ಕಥೆ ಹೇಳಿಯಾಯಿತಲ್ಲ.

ಗಂಡನ ಲ್ಯಾಪ್‌ಟಾಪು ತೆಳ್ಳಗೆ, ಗಟ್ಟಿಯಾಗಿ, ಮುಚ್ಚಿದರೆ ಟಪ್ಪೆನ್ನುತ್ತಿತ್ತು. "ನೋಡಮ್ಮ, ಸ್ವಲ್ಪನಾದ್ರೂ ಅಲ್ಲಾಡುತ್ತಾ?" ಎಂದು ಅಮ್ಮನನ್ನು ಕೆಣಕುತ್ತಿದ್ದ.

ಅತ್ತೆ ಅದನ್ನು ಬೋರಲು ಹಾಕಿ ನೋಡಿ, "ಬ್ಯಾಟರಿ ಹೋದ್ರೆ ಇಡೀದನ್ನೇ ಹೊತ್ಕೊಂಡು ಹೋಗ್ಬೇಕು. ಪಾಪ, ಬಿಚ್ಚೋಕೆ ಬಾಯೇ ಇಲ್ಲ ಇದಕ್ಕೆ" ಎನ್ನುತ್ತಿದ್ದರು.

ನಗೆಚಾಟಿಕೆ ಏನೇ ಇರಲಿ, ಈಗ ಅವಳು ಪೇಚಿಗೆ ಸಿಕ್ಕಿದ್ದಳು. ಶಾಲೆಯ ಹೆಡ್ ಮೇಡಂ ಮರುದಿನ ಅವಳ ಪಾಠ ನೋಡಲಿದ್ದರು. ಕೆಲಸ ಕಾಯಂ ಮಾಡುವುದೋ ಬಿಡುವುದೋ ಅದರ ಮೇಲೆ ನಿಂತಿತ್ತು. "ಮಕ್ಕಳಿಗೆ ಟೀಚರ್ ಮುಖ ಕಾಣ್ಬೇಕು, ಅಷ್ಟೇ ನನ್ನ ಷರತ್ತು" ಎಂದಿದ್ದರು. ಗಂಡನದನ್ನು ಕೇಳೋಣವೆಂದರೆ ಅದೇ ಹೊತ್ತಿಗೆ ಅವನಿಗೆ ಆಫೀಸಿನ ಮೀಟಿಂಗು. ಅತ್ತೆ ಮೊದಲೇ ತರಿಸಿಟ್ಟಿದ್ದ ಬಿಗಿಯಾದ ಕೀಲನ್ನು ಸಂಜೆ ಕೂತು, ಪರದೆಯ ಸುತ್ತಲಿನ ಚೌಕಟ್ಟು ತೆಗೆದು ಜೋಡಿಸಿದರು. ಪರದೆ ಸೆಟೆದು ನಿಂತಿತು. ಸೊಸೆಗೆ ಹೋದ ಜೀವ ಬಂದಂತಾಯಿತು.

ಬೆಳಿಗ್ಗೆ ಪಾಠಕ್ಕೆ ಕೂತರೆ, ಪರದೆ ಒಂದಿಷ್ಟೂ ಜಗ್ಗಲಿಲ್ಲ. ಆದರೆ ಅವಳ ಚಿತ್ರವಿರಬೇಕಾದಲ್ಲಿ ಬರೀ ಕಪ್ಪು.

"ಮಿಸ್, ಇವತ್ತು ಫ್ಯಾನೂ ಇಲ್ಲ!" ಎಂದ ಒಬ್ಬ ಹುಡುಗ.

ಪರದೆಯ ಮೂಲೆಯಲ್ಲಿ ಹೆಡ್ ಮೇಡಂ ಹುಬ್ಬೇರಿಸಿದ್ದು ಅವಳಿಗೆ ಚೆನ್ನಾಗಿಯೇ ಕಂಡಿತು. ಕ್ಯಾಮೆರಾ ಮುಚ್ಚಿ ತೆರೆಯುವ ಪುಟ್ಟ ಗುಂಡಿಯನ್ನು ಅತ್ತಿತ್ತ ಸರಿಸಿದಳು. ಉಹೂಂ.

ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದ ಅತ್ತೆ ಒಳಗೆ ನುಗ್ಗಿದರು. "ತಪ್ಪು ನಂದೇ ಕಣೇ. ಚೌಕಟ್ಟು ಕೂರಿಸೋವಾಗ ಮೇಲಿನ ಗುಂಡಿ ಒಳಗಿನ ಗುಂಡಿಗೆ ಸಿಕ್ಕೇ ಇಲ್ಲ. ಒಳಗಿಂದು ಮುಚ್ಕೊಂಡೇ ಇದೆ."

"ಅತ್ತೇ, ಈಗ ಬೇಡ! ಎಲ್ಲರೂ ನೋಡ್ತಿದ್ದಾರೆ!"

"ಯಾರಿಗೇನು ಕಾಣ್ತಿದೆ ಈಗ?" ಎಂದವರೇ ಅತ್ತೆ ಪರದೆಯ ಸುತ್ತ ಬರೀ ಅಯಸ್ಕಾಂತದಲ್ಲಿ ನಿಂತಿದ್ದ ಚೌಕಟ್ಟನ್ನು ಉಗುರಿನಿಂದಲೇ ಎಬ್ಬಿಸಿ, ಒಳಗಿನ ಗುಂಡಿಯನ್ನು ಸರಿಸಿದರು.

ತಕ್ಷಣ ಚಿತ್ರ ಬಂತು. ನರೆತ ತುರುಬು, ಅದರಲ್ಲಿ ಸ್ಕ್ರೂಡ್ರೈವರ್, ಕ್ಯಾಮೆರಾಕ್ಕೆ ತಾಗುವಷ್ಟು ಹತ್ತಿರ ಮೂಗು.

"ಅಯ್ಯೋ," ಎಂದಳು ಹೊಸದಾಗಿ ಸೇರಿದ್ದ ಹುಡುಗಿ, "ನಮ್ಮ ಮಿಸ್ಸಿಗೆ ಇಷ್ಟೊಂದು ವಯಸ್ಸಾಗಿದ್ಯಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತೆ ನಾಲಿಗೆ ಕಚ್ಚಿಕೊಂಡು ಮೇಜಿನ ಕೆಳಗೆ ಕೂತುಬಿಟ್ಟರು, ಚೌಕಟ್ಟು ಕೈಯಲ್ಲೇ ಉಳಿಯಿತು. ಸೊಸೆಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಭಿನ್ನರಾಶಿ ಶುರುಮಾಡಿದಳು. ಮಕ್ಕಳು ಪಾಠದುದ್ದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದರು. ಯಾರಾದರೂ ತಪ್ಪು ಹೇಳಿದರೆ ಅವಳ ಹುಬ್ಬು ನೋಡಿಯೇ ತಿದ್ದಿಕೊಳ್ಳುತ್ತಿದ್ದರು. ಇಷ್ಟು ದಿನ ಫ್ಯಾನಿಗೆ ಹುಬ್ಬೆಲ್ಲಿತ್ತು?

ಕೊನೆಯಲ್ಲಿ ಆ ಹೊಸ ಹುಡುಗಿ ಕೇಳಿದಳು, "ಮಿಸ್, ನಾಳೇನೂ ನೀವೇ ಬರ್ತೀರಾ?"

ಅವಳು ಹೆಡ್ ಮೇಡಂ ಇದ್ದ ಮೂಲೆಯತ್ತ ನೋಡಿದಳು. ಹೆಡ್ ಮೇಡಂ ಬಾಯಿ ಹಾಕಿದರು. "ಬರ್ತಾರೆ ಪುಟ್ಟಾ. ನಾಳೆ, ನಾಡಿದ್ದು, ಮುಂದಿನ ವರ್ಷಾನೂ ಇವರೇ."

ಮೇಜಿನ ಕೆಳಗಿನಿಂದ ಒಂದು ಕೈ ಬಂದು ಅವಳ ಮೊಣಕಾಲನ್ನು ಬಿಗಿಯಾಗಿ ಹಿಡಿಯಿತು. ಅವಳು ಕ್ಯಾಮೆರಾ ನೋಡುತ್ತಲೇ ಆ ಕೈಯ ಮೇಲೆ ತನ್ನ ಕೈಯಿಟ್ಟಳು.