ಅದೇ ಹೆಸರಿನ ಇನ್ನೊಬ್ಬರು

ನನ್ನ ಗಂಡ ಹುಳದ ಡಾಕ್ಟರು. ಮರದ ತೊಗಟೆಯೊಳಗೆ ಸುರಂಗ ಕೊರೆಯುವ, ಅಕ್ಕಿಕಾಳಿನಷ್ಟೂ ಇಲ್ಲದ ಒಂದು ದುಂಬಿಯ ಹಿಂದೆ ಬಿದ್ದು ಆಯುಷ್ಯ ಕಳೆದವರು. ಆ ದುಂಬಿಯ ಕಾಟದಿಂದ ಕಾಡು ಉಳಿಸುವ ದಾರಿ ಕಂಡುಹಿಡಿದರೆಂದು ಎಲ್ಲೆಲ್ಲಿಯದೋ ಅರಣ್ಯ ಇಲಾಖೆಗಳು ಇವರನ್ನು ಕರೆಸಿ ಮಾತಾಡಿಸುತ್ತವೆ. ಆದರೆ ನಮ್ಮ ಬೀದಿಯ ಕೊನೆಯ ಔಷಧಿ ಅಂಗಡಿಯವನಿಗೂ ಇವರು ಯಾರೆಂದು ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಅದೇ ಹೆಸರಿನ ಇನ್ನೊಬ್ಬರು, ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಹೃದಯ ಹೊಲಿಯುತ್ತಿದ್ದವರು. ಮೂರನೆಯವರೊಬ್ಬರು ಸಿನಿಮಾದಲ್ಲಿ ಖಳನ ಪಾತ್ರ ಮಾಡುವವರು. ಮೂವರಿಗೂ ಹೆಸರು, ಮನೆತನದ ಹೆಸರು ಎಲ್ಲ ಒಂದೇ, ಸಂಬಂಧ ಮಾತ್ರ ಏನೇನೂ ಇಲ್ಲ. ಮನೆಯಲ್ಲಿ ಗೊಂದಲ ಬೇಡವೆಂದು ನಾನು ಹೃದಯದವರು, ಖಳನವರು, ನಮ್ಮವರು ಎಂದು ವಿಂಗಡಿಸಿಟ್ಟಿದ್ದೆ.

ಹೃದಯದವರು ಯಾರದೋ ಮಗುವನ್ನು ಉಳಿಸಿದರೆ ತರಕಾರಿ ಅಂಗಡಿಯಲ್ಲಿ ಅಭಿನಂದನೆ ನನಗೆ. ಖಳನವರು ಹೊಸ ಚಿತ್ರದಲ್ಲಿ ನಾಯಕಿಯನ್ನು ಬಾವಿಗೆ ತಳ್ಳಿದರೆ ಬೈಗುಳದ ಫೋನು ನಮ್ಮ ಮನೆಗೆ. ಹುಳದ ವಿಷಯಕ್ಕೆ ಮಾತ್ರ ಯಾರೂ ತಪ್ಪಿಯೂ ಆ ಇಬ್ಬರಿಗೆ ಫೋನು ಮಾಡಿದ್ದಿಲ್ಲ. ಇದನ್ನು ಹೇಳಿ ನಾನು ಇವರನ್ನು ರೇಗಿಸುತ್ತಿದ್ದೆ. ಇವರು ಕನ್ನಡಕ ಒರೆಸಿಕೊಳ್ಳುತ್ತ, ತಮ್ಮ ದುಂಬಿಗಳಿಗೆ ಈ ಹೆಸರಿನ ಬಗ್ಗೆ ಯಾವ ಗೊಂದಲವೂ ಇಲ್ಲ ಎನ್ನುತ್ತಿದ್ದರು.

ಫೋನಿನಲ್ಲಿ ಆ ಹೆಸರು ಹುಡುಕಿದರೆ ಮೊದಲು ಕಾಣುವುದು ನಮ್ಮ ಮನೆಯ ವಿಳಾಸ, ಜೊತೆಗೆ ಇವರದೇ ಚಿತ್ರ. ಯಾಕೆ ಹಾಗೋ ದೇವರಿಗೇ ಗೊತ್ತು. ಹೀಗಾಗಿ ಕಾಯಿಲೆಯ ಮಕ್ಕಳನ್ನು ಹೊತ್ತವರು ನಮ್ಮ ಗೇಟಿಗೆ ಬಂದು ನಿಲ್ಲುತ್ತಿದ್ದರು. ಮೊದಮೊದಲು ನಾನು ನೀರು ಕೊಟ್ಟು, ಬಸ್ಸಿನ ದಾರಿ ಹೇಳಿ ಕಳಿಸುತ್ತಿದ್ದೆ. ಒಮ್ಮೆ ಒಬ್ಬ ತಾಯಿ ಮೆಟ್ಟಿಲ ಮೇಲೆ ಕುಸಿದು ಕೂತಾಗ ಇವರ ಮನಸ್ಸು ತಡೆಯದೆ ಹೃದಯದವರಿಗೆ ಫೋನು ಮಾಡಿದರು. ಅವರು ನಕ್ಕು, ನಿಮ್ಮ ಬಾಗಿಲಿಗೆ ಬಂದವರು ನನ್ನ ಬಾಗಿಲಿಗೆ ಬಂದ ಹಾಗೇ, ಈಗಲೇ ಕಳಿಸಿ ಎಂದರು. ಆಮೇಲೆ ಅದೇ ಪದ್ಧತಿಯಾಯಿತು. ಆಸ್ಪತ್ರೆಯ ಸಾಲಿನಲ್ಲಿ ತಿಂಗಳುಗಟ್ಟಲೆ ಕಾಯುವವರಿಗಿಂತ ತಪ್ಪು ಮನೆಗೆ ಬಂದವರ ಕೆಲಸ ಬೇಗ ಆಗತೊಡಗಿತು. ಈ ಗುಟ್ಟು ಊರೂರಿಗೆ ಹಬ್ಬಿ, ಜನ ಬೇಕೆಂದೇ ತಪ್ಪು ಮನೆಗೆ ಬರತೊಡಗಿದರು.

ಹೋದ ಚಳಿಗಾಲದಲ್ಲಿ ಹೃದಯದವರು ತೀರಿಕೊಂಡರು. ಎಷ್ಟೋ ಹೃದಯ ಸರಿ ಮಾಡಿದವರ ಹೃದಯವೇ ಕೈಕೊಟ್ಟಿತು. ಒಂದು ಪತ್ರಿಕೆಯವರಂತೂ ನಮ್ಮವರ ಚಿತ್ರ ಹಾಕಿಬಿಟ್ಟರು, ನನ್ನ ಅಕ್ಕ ದೂರದಿಂದ ಅಳುತ್ತ ಫೋನು ಮಾಡಿದಳು. ಅಂತ್ಯಕ್ರಿಯೆಯಲ್ಲಿ ನಮ್ಮವರೂ ಖಳನವರೂ ಅಕ್ಕಪಕ್ಕ ನಿಂತಿದ್ದರು. ಶವಪೆಟ್ಟಿಗೆಯ ಮೇಲೆ ಕೆತ್ತಿದ್ದ ತಮ್ಮ ಹೆಸರನ್ನು ಇಬ್ಬರೂ ಓದಿದರು.

ಆ ಹುಡುಗಿ ಬಂದದ್ದು ಚಳಿ ಕಳೆದ ಮೇಲೆ. ಒಂಬತ್ತೋ ಹತ್ತೋ ವರ್ಷ, ತುಟಿ ನೀಲಿ, ಗೇಟಿನಿಂದ ಬಾಗಿಲವರೆಗೆ ಬರುವುದರಲ್ಲೇ ಉಸಿರು ಮೇಲೆ ಕೆಳಗೆ. ಜೊತೆಗಿದ್ದ ಅಪ್ಪ ದೂರದ ಬಂದರಿನಲ್ಲಿ ಹಡಗುಗಳಿಗೆ ಬಣ್ಣ ಬಳಿಯುವವನು. ಉಗುರುಗಳ ಸುತ್ತ ಕೆಂಪು ಬಣ್ಣ ಕೂತುಬಿಟ್ಟಿತ್ತು. ಫೋನಿನಲ್ಲಿದ್ದ ಚಿತ್ರವನ್ನೂ ಇವರ ಮುಖವನ್ನೂ ನೋಡಿ, ಕೊನೆಗೂ ಸಿಕ್ಕಿದ್ರಿ ಎಂದು ಕೈಮುಗಿದ. ಹೃದಯದವರು ಸತ್ತ ಸುದ್ದಿ ಅವನ ಬಂದರಿಗೆ ಮುಟ್ಟಿರಲಿಲ್ಲ.

ಇವರು ವರದಿಗಳನ್ನು ಹಿಡಿದು ಒಳಕೋಣೆಗೆ ಹೋಗಿ ಹೃದಯದವರ ಶಿಷ್ಯೆಗೆ ಫೋನು ಮಾಡಿದರು. ಅವರ ಜಾಗದಲ್ಲಿ ಈಗ ಆಪರೇಷನ್ ಮಾಡುವವಳು ಅವಳೇ. ವರದಿಗಳ ಚಿತ್ರಗಳನ್ನು ತರಿಸಿಕೊಂಡು ನೋಡಿ, ಕಷ್ಟವಿದೆ, ಆದರೆ ಆಸೆ ಇದೆ, ತಡ ಮಾಡಿದರೆ ಅದೂ ಇರುವುದಿಲ್ಲ, ನಾಳೆಯೇ ಕರೆತನ್ನಿ ಎಂದಳಂತೆ. ಇವರು ಹಜಾರಕ್ಕೆ ಬಂದು, ನೋಡಪ್ಪ, ನೀನು ಹುಡುಕಿಕೊಂಡು ಬಂದಿರುವವರು ಎಂದು ಶುರು ಮಾಡಿದರು. ಅಷ್ಟರಲ್ಲಿ ಅವನು ಅಡ್ಡ ಬಾಯಿ ಹಾಕಿದ.

"ಇವಳಮ್ಮ ಆಪರೇಷನ್ ಟೇಬಲ್ ಮೇಲೇ ಹೋದ್ಲು ಸಾರ್. ಯಾರೋ ಕೊಯ್ದ್ರು, ಯಾರು ಅಂತಾನೂ ನಂಗೊತ್ತಿಲ್ಲ. ಇವಳನ್ನ ನೀವು ಮುಟ್ಟೋದಾದ್ರೆ ಸರಿ. ಬೇರೆಯವರ ಕೈಗೆ ನಾನು ಕೊಡಲ್ಲ, ಮನೇಗೆ ಕರ್ಕೊಂಡ್ಹೋಗ್ತೀನಿ. ಇರೋಷ್ಟು ದಿನ ಇರ್ಲಿ."

ಹುಡುಗಿ ಗೋಡೆಯ ಮೇಲಿದ್ದ ದುಂಬಿಯ ಚಿತ್ರ ನೋಡುತ್ತಿದ್ದಳು. ಇವರು ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಸರಿ," ಎಂದರು. "ನಾನೇ ಮಾಡ್ತೀನಿ."

ನಾನು ಇವರನ್ನು ಅಡುಗೆಮನೆಗೆ ಎಳೆದೊಯ್ದು, ನಿಮಗೆ ತಲೆ ಕೆಟ್ಟಿದೆಯಾ, ದುಂಬಿಯ ಕಾಲು ಎಣಿಸುವವರು ನೀವು ಎಂದು ಬಾಯಿಗೆ ಬಂದಂತೆ ಬೈದೆ. ಮದುವೆಯಾದಂದಿನಿಂದ ಇವರು ಒಂದು ಸಣ್ಣ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಸುಳ್ಳು ಹೇಳಲು ಬರುವುದೇ ಇಲ್ಲ ಎಂದುಕೊಂಡಿದ್ದೆ.

"ಅವನಿಗೆ ಬೇಕಾಗಿರೋದು ಆ ಹೆಸರು," ಎಂದರು. "ಅದು ನನ್ನ ಹತ್ರಾನೂ ಇದೆ. ಅದನ್ನ ಕೊಟ್ರೆ ಹುಡುಗಿ ಬದುಕ್ತಾಳೆ."

ನಾನು ಹುಡುಗಿಗೆಂದು ಹಾಲು ಬಿಸಿಗಿಟ್ಟೆ.

ಆಸ್ಪತ್ರೆಯಲ್ಲಿ ಶಿಷ್ಯೆ ಅವನನ್ನು ಕೂರಿಸಿಕೊಂಡು, ಆಪರೇಷನ್ ಮಾಡುವವಳು ನಾನು ಎಂದು ಬಿಡಿಸಿ ಹೇಳಿದಳು. ಅವನು ನಕ್ಕು, ದೊಡ್ಡವರು ಜೊತೆಗಿರ್ತಾರಲ್ಲಮ್ಮ ಎಂದ. ತನ್ನ ಸತ್ತ ಗುರುವಿನ ಮಾತು ಎಂದುಕೊಂಡ ಅವಳ ಕಣ್ಣು ತುಂಬಿತು, ಯಾವಾಗಲೂ ಇರ್ತಾರೆ ಎಂದಳು. ನಾನು ಅಲ್ಲೇ ಕಲ್ಲಿನ ಹಾಗೆ ಕೂತಿದ್ದೆ. ಬಾಯಿ ಬಿಟ್ಟಿದ್ದರೆ ಅವನು ಮಗಳನ್ನು ಎತ್ತಿಕೊಂಡು ಹೊರಟುಬಿಡುತ್ತಿದ್ದ.

ಮರುದಿನ ಇವರು ಪ್ರಯೋಗಾಲಯದ ಬಿಳಿ ಕೋಟು ಹಾಕಿಕೊಂಡು ಬಂದರು. ಗಾಲಿಮಂಚದ ಪಕ್ಕ ಹುಡುಗಿಯ ಕೈ ಹಿಡಿದು ಆಪರೇಷನ್ ಕೋಣೆಯ ದೊಡ್ಡ ಬಾಗಿಲವರೆಗೂ ನಡೆದರು. ದುಂಬಿಗೂ ಹೃದಯ ಇರುತ್ತಾ ಎಂದು ಅವಳು ಕೇಳಿದಳು. ಇರುತ್ತೆ, ಬೆನ್ನಿನಲ್ಲಿ, ಉದ್ದಕ್ಕೆ ಕೊಳವೆಯ ಹಾಗೆ ಎಂದರು. ಅವಳಿಗೆ ನಗು ಬಂತು. ಇವರೂ ಅವಳ ಜೊತೆ ಒಳಗೆ ಹೋದರು, ಬಾಗಿಲು ಮುಚ್ಚಿತು. ಇವರನ್ನು ಅಲ್ಲಿಯ ನರ್ಸುಗಳೆಲ್ಲ ಹೃದಯದವರ ಸ್ನೇಹಿತರೆಂದು ಬಲ್ಲವರು, ಪಕ್ಕದ ಬಾಗಿಲಿನಿಂದ ಹಿಂದಿನ ಮೆಟ್ಟಿಲಿಗೆ ಬಿಟ್ಟರು.

ಬಣ್ಣದವನು ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ. ನಿಮ್ಮ ಯಜಮಾನ್ರ ಕೈ ನಡುಗಲ್ವಾ ಅಮ್ಮಾ ಎಂದು ಕೇಳಿದ. ಇಲ್ಲಪ್ಪ ಎಂದೆ. ಮಧ್ಯಾಹ್ನ ನಾನು ಟೀ ಹಿಡಿದು ಹಿಂದಿನ ಮೆಟ್ಟಿಲಿಗೆ ಹೋದಾಗ, ಇವರು ಮುಖವನ್ನು ಗೋಡೆಗೆ ಹಚ್ಚಿ, ಎರಡೂ ಕೈ ಮಂಡಿಯ ನಡುವೆ ಇಟ್ಟುಕೊಂಡು ಕೂತಿದ್ದರು. ಕೈಗಳು ನಡುಗುತ್ತಿದ್ದವು. ಟೀ ಮುಟ್ಟಲಿಲ್ಲ.

ಹುಡುಗಿ ಉಳಿಯಲಿಲ್ಲ.

ಶಿಷ್ಯೆ ಹೊರಬಂದು ಹೇಳಿದಾಗ ಅವನು ಕೂಗಾಡಲಿಲ್ಲ. ದೊಡ್ಡವರೆಲ್ಲಿ ಎಂದಷ್ಟೇ ಕೇಳಿದ. ಅವರಿಗೆ ಮುಖ ತೋರಿಸಲಾಗುತ್ತಿಲ್ಲ ಎಂದು ನಾನು ಹೇಳಿದೆ. ಆ ಇಡೀ ದಿನದಲ್ಲಿ ನಾನು ಆಡಿದ ನಿಜ ಅದೊಂದೇ.

ಕೆಲವು ವಾರಗಳಾದ ಮೇಲೆ ಅವನು ಮತ್ತೆ ನಮ್ಮ ಮನೆಗೆ ಬಂದ. ಗೇಟಿನಲ್ಲಿ ಕಂಡಾಗಲೇ ಎಲ್ಲ ಗೊತ್ತಾಗಿ ಜಗಳಕ್ಕೇ ಬಂದಿದ್ದಾನೆ ಅಂದುಕೊಂಡೆ. ಅವನು ಬಂದದ್ದು ಸಮಾಧಾನ ಹೇಳಲು. ಇವರ ಎದುರು ಕೂತು ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. "ಕೊನೇಲಿ ಅವಳ ಎದೆ ಮುಟ್ಟಿದ ಕೈ ಇದು," ಎಂದ. "ನೀವು ಮಾಡೋದೆಲ್ಲ ಮಾಡಿದ್ರಿ. ನಿಮ್ಮ ಕೈಲೇ ಆಗ್ಲಿಲ್ಲ ಅಂದ್ಮೇಲೆ ಯಾರ ಕೈಲೂ ಆಗ್ತಿರ್ಲಿಲ್ಲ. ಅದೊಂದು ನೆನೆಸ್ಕೊಂಡು ನಿದ್ದೆ ಮಾಡ್ತಿದೀನಿ."

ಇವರು ಕೈ ಬಿಡಿಸಿಕೊಳ್ಳಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಈ ಸುಳ್ಳನ್ನು ನಾವಿಬ್ಬರೂ ಸಾಯುವವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ಇದ್ದುಬಿಡುತ್ತಿದ್ದೆವು. ಅವನಿಗೆ ಉಳಿದಿದ್ದದ್ದು ಅದೊಂದೇ, ಅದನ್ನೂ ಕಿತ್ತುಕೊಳ್ಳುವ ರಾಕ್ಷಸರೇನಲ್ಲ ನಾವು. ಆದರೆ ಅವನು ಎದ್ದು ನಿಂತು ಹೊರಡುವಾಗ ಇನ್ನೊಂದು ಮಾತು ಹೇಳಿದ. ಅವನ ತಂಗಿಯ ಕೂಸಿಗೂ ಎದೆಯಲ್ಲಿ ಹೀಗೇ ಒಂದು ತೂತಂತೆ, ವಂಶದಲ್ಲೇ ಬಂದದ್ದಂತೆ. ಅಷ್ಟು ದೊಡ್ಡವರ ಕೈಯಲ್ಲೇ ಆಗದ್ದಕ್ಕೆ ಕೂಸನ್ನೇಕೆ ಕೊಯ್ಯಿಸುವುದು, ಹಾಗೇ ಬಿಟ್ಟುಬಿಡೋಣವೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದಾರಂತೆ.

ಇವರು ನನ್ನತ್ತ ತಿರುಗಿದರು. ಹೇಳಬೇಡಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಹೇಳಿ ಎಂದೂ ಬೇಡಿಕೊಂಡೆನೋ ಏನೋ. ಇವರು ಅವನ ಭುಜ ಹಿಡಿದು ಒಳಕೋಣೆಗೆ ಕರೆದೊಯ್ದರು. ಅಲ್ಲಿ ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು, ಒಂದೊಂದರಲ್ಲೂ ಸೂಜಿ ಚುಚ್ಚಿಟ್ಟ ದುಂಬಿಗಳ ಸಾಲು.

"ನನ್ನ ಕೆಲಸ ಇದು," ಎಂದರು. "ನಾನು ಹುಳದ ಡಾಕ್ಟರು. ನೀನು ಹುಡುಕಿಕೊಂಡು ಬಂದವರದೂ ನನ್ನದೂ ಹೆಸರು ಒಂದೇ. ನೀನು ಬರೋಕೆ ಮೊದಲೇ ಅವರು ಹೋಗಿಬಿಟ್ಟಿದ್ರು. ನಿನ್ನ ಮಗಳನ್ನ ನಾನು ಮುಟ್ಟಲಿಲ್ಲ. ಆ ಹುಡುಗಿ ಡಾಕ್ಟರೇ ಮಾಡಿದ್ದು, ಒಳ್ಳೇ ಕೈ ಅವಳದು. ಕೂಸನ್ನ ಬಿಡಬೇಡಿ. ಅವಳ ಹತ್ರ ಕರ್ಕೊಂಡು ಬನ್ನಿ."

ಅವನು ಪೆಟ್ಟಿಗೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಇವರ ಬಲಗೈಯನ್ನೂ ನೋಡಿದ. ಹೊಡೆಯಲಿ ಎಂದು ನಾನು ಕಾದೆ, ಹೊಡೆದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು.

"ಹಾಗಾದ್ರೆ ಅವರಿದ್ದಿದ್ರೆ," ಎಂದ, "ನನ್ನ ಮಗಳು ಉಳೀತಿದ್ಲಾ?"

ಇವರು ಬಾಯಿ ತೆರೆದರು. ಆಪರೇಷನ್ ಆದ ಮೇಲೆ ಶಿಷ್ಯೆ ನಮಗೆ ಹೇಳಿದ್ದಳು, ಗುರುಗಳಿದ್ದರೂ ಇದೇ ಆಗುತ್ತಿತ್ತೇನೋ, ಉಳಿದರೂ ಉಳಿಯುತ್ತಿದ್ದಳೇನೋ ಎಂದು. ಇವರಿಗೆ ಎರಡನೆಯ ಸುಳ್ಳು ಹೇಳಲು ಬರಲಿಲ್ಲ.

"ಗೊತ್ತಿಲ್ಲಪ್ಪ," ಎಂದರು.

ಅವನು ಹೊರಟ. ನಾನು ಬರಿಗಾಲಿನಲ್ಲೇ ಗೇಟಿನವರೆಗೆ ಓಡಿ, ತಂಗಿಯ ಕೂಸನ್ನು ದಯವಿಟ್ಟು ಕರೆತಾ ಎಂದು ಅಂಗಲಾಚಿದೆ. ಶಿಷ್ಯೆಯ ಹೆಸರು ಹೇಳಿದೆ, ಆಸ್ಪತ್ರೆಯ ಬಾಗಿಲಲ್ಲಿ ಈ ಹೆಸರು ಹೇಳಿದರೆ ಸಾಕು ಎಂದೆ. ಅವನು ತಿರುಗಿ ನಿಂತ.

"ಆ ಹೆಸರಿನವರು ಬದುಕಿದಾರಾ ಅಮ್ಮಾ?"

ಬದುಕಿದ್ದಾಳೆ, ಆಸ್ಪತ್ರೆಯಲ್ಲಿ ನಿನ್ನೊಡನೆ ಮಾತಾಡಿದವಳೇ ಅವಳು ಎಂದೆ, ಆಣೆ ಮಾಡಿದೆ. ಅವನು ಗೇಟು ಮುಚ್ಚಿಕೊಂಡು ಬಸ್ಸಿನ ದಾರಿ ಹಿಡಿದ. ಅವನು ನಂಬಲಿಲ್ಲ.