ಮತ್ತೆ ಬರುವ ಹೊಟ್ಟೆ

"ಹುಡುಗ ಯಾರು, ಹೇಳೇ," ಎಂದು ಸೆಂಗಾ ಮತ್ತೆ ಕೇಳಿದಳು. ನಾಕಿತ್ತೊಗೆ ತಲೆ ಚಿಟ್ಟು ಹಿಡಿದಿತ್ತು.

ಸೆಂಗಾ ಅಂದರೆ ಅಪ್ಪನ ಅಕ್ಕ. ಹೆಣ್ಣುಮಕ್ಕಳ ಇಂಥ ವಿಚಾರಣೆ ಅವಳದೇ. ಅದಕ್ಕೆಂದೇ ಮಸಾಕಾದಿಂದ ಬಸ್ಸು ಹತ್ತಿ ಬಂದಿದ್ದಳು. ಶಾಲೆ ಶುರುವಾದ ದಿನ ಬಸುರೇನೋ ಎಂದು ಹುಡುಗಿಯರ ಹೊಟ್ಟೆ ಒತ್ತಿ ನೋಡುವ ಟೀಚರ್, ನಾಕಿತ್ತೊಳನ್ನು ಸಾಲಿನಿಂದ ಹೊರಗೆಳೆದು ಮನೆಗೆ ಅಟ್ಟಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ.

ಹಿರಿಯರಿಗೆ ಮಂಡಿಯೂರಿಯೇ ಉತ್ತರಿಸಬೇಕು. ನಾಕಿತ್ತೊ ಏದುಸಿರು ಬಿಡುತ್ತಲೇ ಹೇಳಿದಳು, "ಮೂತ್ರ ಪರೀಕ್ಷೆಯಲ್ಲಿ ಬಸುರಲ್ಲ ಅಂತ ಬಂತಲ್ಲ, ಸೆಂಗಾ."

"ಐದು ಹೆತ್ತವಳಿಗೆ ಪರೀಕ್ಷೆ ಹೇಳಿಕೊಡ್ತೀಯಾ?"

"ಹೋದ ವರ್ಷದಿಂದ ಉಬ್ತಾ ಇದೆ. ನಾನೇನು ಆನೆಮರಿ ಹೆರ್ತೀನಾ?"

"ಬಾಯಿ ನೋಡು ಇದರದ್ದು! ನಡಿ, ಸ್ಕ್ಯಾನ್ ಮಾಡಿಸ್ತೀನಿ. ಮಗು ಸುಳ್ಳು ಹೇಳಲ್ಲ."

ಕಂಪಾಲಾದ ಆಸ್ಪತ್ರೆಯಲ್ಲಿ ಡಾಕ್ಟರ್ ಮುಕೀಬಿ ಹೊಟ್ಟೆ ನೋಡಿದರು. ಆಮೇಲೆ ಯಂತ್ರದ ಹಿಡಿಯನ್ನು ಎದೆಯ ಮೇಲಿಟ್ಟರು.

"ಹೊಟ್ಟೆ ಕೆಳಗಿದೆ, ಡಾಕ್ಟರೇ," ಎಂದಳು ಸೆಂಗಾ.

"ಕಾಯಿಲೆ ಮೇಲಿದೆ, ತಾಯಿ. ಹೊಟ್ಟೆಯಲ್ಲಿರೋದು ಬರೀ ನೀರು. ಹೃದಯದ ಒಳಗೋಡೆ ಗಟ್ಟಿಯಾಗಿ ಕೆಳಗಿನ ಕೋಣೆ ಮುಚ್ಚಿಕೊಳ್ತಾ ಇದೆ. ರಕ್ತಕ್ಕೆ ಒಳಗೆ ಜಾಗ ಇಲ್ಲ, ಹಿಂದಕ್ಕೆ ಒತ್ತುತ್ತೆ."

"ಯಾಕೆ ಬಂತು?"

"ಯಾರಿಗೂ ಸರಿಯಾಗಿ ಗೊತ್ತಿಲ್ಲ. ನೀರು ತೆಗೀತೀನಿ, ಮಾತ್ರೆ ಕೊಡ್ತೀನಿ, ಉಪ್ಪು ಮುಟ್ಟಬಾರದು. ಆದರೂ ನೀರು ಮತ್ತೆ ತುಂಬುತ್ತೆ."

ಸೆಂಗಾ ಹುಡುಗನ ಮಾತೆತ್ತಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಬೇಯಿಸಿದ ಮಟೋಕೆ ಬಾಳೆಕಾಯಿಗೆ ಉಪ್ಪಿಲ್ಲದ ಕಡಲೆಕಾಯಿ ಸಾರು ಕಲಸಿಕೊಟ್ಟು, ತಾನೂ ಅದನ್ನೇ ಉಂಡಳು.

ನೀರು ಇಳಿದು ಚಪ್ಪಟೆಯಾದ ಹೊಟ್ಟೆ ಹೊತ್ತು ನಾಕಿತ್ತೊ ಸೆಂಗಾಳ ಜೊತೆ ಶಾಲೆಗೆ ಹೋದಳು. ಟೀಚರ್ ಒತ್ತಿ ನೋಡಿ, ದನಿ ತಗ್ಗಿಸಿ ಕೇಳಿದರು: "ತೆಗೆಸಿಕೊಂಡು ಬಂದ್ರಾ?"

ನಾಕಿತ್ತೊಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಡಾಕ್ಟರ ಚೀಟಿ ಚಾಚಿದಳು.

"ಚೀಟಿ ಯಾರು ಬೇಕಾದ್ರೂ ಬರೆಸ್ತಾರೆ."

ಸೆಂಗಾ ಕುರ್ಚಿ ಎಳೆದು ಕೂತಳು. "ಟೀಚರಮ್ಮಾ, ಇವಳನ್ನ ನಿಮ್ಮ ಹಾಸ್ಟೆಲ್ಲಲ್ಲೇ ಇಟ್ಕೊಳ್ಳಿ. ಬೀಗ ಹಾಕಿ, ಬೀಗದ ಕೈ ನಿಮ್ಮ ಸೊಂಟದಲ್ಲೇ ಇರ್ಲಿ. ಹೊಟ್ಟೆ ಮತ್ತೆ ಬರುತ್ತೆ. ಆಗ ಹುಡುಗ ಯಾರು ಅಂತ ನಾನು ನಿಮ್ಮನ್ನ ಕೇಳ್ತೀನಿ."

ಟೀಚರ್ ರಿಜಿಸ್ಟರ್ ತೆರೆದು ನಾಕಿತ್ತೊಳ ಹೆಸರು ಬರೆದರು.

ಹೊರಗೆ ನಾಕಿತ್ತೊ ಜಾರುತ್ತಿದ್ದ ಲಂಗವನ್ನು ಹಿಡಿದುಕೊಂಡು ಕೇಳಿದಳು, "ಸೊಂಟ ಚಿಕ್ಕದು ಮಾಡಿ ಹೊಲಿಸ್ಲಾ, ಸೆಂಗಾ?"

"ಬೇಡ ಕಣೇ," ಎಂದಳು ಸೆಂಗಾ, ತನ್ನ ಉಡುಪಿನಿಂದ ಪಿನ್ನು ಬಿಚ್ಚುತ್ತಾ. "ಸದ್ಯಕ್ಕೆ ಇದು ಸಾಕು."